ಯಜಮಾನನಿಲ್ಲದ ಬೀದಿ: ನಗರಾಡಳಿತದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಬರೆಯಲು ಕೂರುವ ಮುಂಚೆ ಬಾಗಿಲು ಮುಚ್ಚಿದ ಅಂಗಡಿಯೊಂದರ ಮುಂದೆ ಹತ್ತು ನಿಮಿಷ ನಿಂತಿದ್ದೆ. ಯಾವ ಊರು ಎಂದು ಕೇಳಬೇಡಿ, ಯಾವ ಊರಾದರೂ ನಡೆಯುತ್ತದೆ. ಶಟರಿನ ತಳದ ಸಂದಿಯಲ್ಲಿ ಯಾರೋ ತೂರಿಸಿದ ಲಕೋಟೆಗಳು ಅರ್ಧ ಒಳಗೆ, ಅರ್ಧ ಹೊರಗೆ. ಹೊರಗಿದ್ದ ಅರ್ಧ ಬಿಸಿಲಿಗೆ ಹಳದಿಯಾಗಿತ್ತು. ‘ಬಾಡಿಗೆಗೆ ಇದೆ’ ಎಂಬ ಹಲಗೆಯಲ್ಲಿ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅಳಿಸಿಹೋಗಿದ್ದವು, ಅಂದರೆ ಬಾಡಿಗೆಗೆ ಕೊಡುವ ಆತುರ ಯಾರಿಗೂ ಇದ್ದಂತಿಲ್ಲ. ಮೇಲಿದ್ದ ಹೆಸರಿನ ಅಕ್ಷರಗಳನ್ನು ಕಿತ್ತುಕೊಂಡು ಹೋಗಿದ್ದರು. ಆದರೆ ಅಕ್ಷರಗಳ ಅಡಿಯಲ್ಲಿದ್ದ ಗೋಡೆಯ ಬಣ್ಣ ಮಾಸಿರಲಿಲ್ಲವಾದ್ದರಿಂದ ಹೆಸರು ಇನ್ನೂ ಓದಲು ಬರುತ್ತಿತ್ತು. ಪಕ್ಕದ ಅಂಗಡಿಯವರು ಬೆಳಗ್ಗೆ ತಮ್ಮ ಮುಂದಿನ ಜಾಗವನ್ನಷ್ಟೇ ಗುಡಿಸಿದ್ದರು. ಎರಡು ಅಂಗಡಿಗಳ ನಡುವೆ ಕಸದ ಗೆರೆಯೊಂದು ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ನಿಂತಿತ್ತು.

ಆ ಗೆರೆ ನೋಡಿಯೇ ನಿಮಗೆ ಬರೆಯಬೇಕೆನಿಸಿತು.

ಪೇಟೆ ಬೀದಿ ಯಾಕೆ ಹೀಗೆ ಸೊರಗಿತು ಎಂದು ಕೇಳಿದರೆ ನಿಮ್ಮ ಸಭೆಗಳಲ್ಲಿ ಸಿಗುವ ಉತ್ತರ ಒಂದೇ: ಆನ್‌ಲೈನ್. ಜನ ಕೂತಲ್ಲಿಂದಲೇ ತರಿಸಿಕೊಳ್ಳುತ್ತಾರೆ, ನಾವೇನು ಮಾಡೋಣ? ಈ ಉತ್ತರದಲ್ಲಿ ಒಂದು ಅನುಕೂಲವಿದೆ. ತಪ್ಪೆಲ್ಲ ಎಲ್ಲೋ ದೂರದ ಗೋದಾಮಿನ ತಲೆಗೆ ಹೋಗುತ್ತದೆ, ನಿಮ್ಮ ಮೇಜಿಗೆ ಬರುವುದಿಲ್ಲ. ಆನ್‌ಲೈನ್ ವ್ಯಾಪಾರ ಪೆಟ್ಟು ಕೊಟ್ಟಿಲ್ಲ ಎಂದು ನಾನು ವಾದಿಸುತ್ತಿಲ್ಲ. ಕೊಟ್ಟಿದೆ, ಗಟ್ಟಿಯಾಗಿಯೇ ಕೊಟ್ಟಿದೆ. ಆದರೆ ಇಸವಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಹೊರವಲಯದ ದೊಡ್ಡ ಮಳಿಗೆಗಳಿಂದ ಸಣ್ಣ ಅಂಗಡಿಗಳನ್ನು ಕಾಪಾಡಬೇಕೆಂದು ಜಪಾನ್ ಮತ್ತು ಫ್ರಾನ್ಸ್ ಎರಡೂ ಕಾನೂನು ಮಾಡಿದ್ದು 1973ರಲ್ಲಿ. ಸಣ್ಣ ಊರುಗಳ ಮುಖ್ಯ ಬೀದಿಗಳು ಸಾಯುತ್ತಿವೆ ಎಂದು ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್ ಸಂಸ್ಥೆ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಊರುಗಳಲ್ಲಿ ಪ್ರಯೋಗಕ್ಕೆ ಇಳಿದದ್ದು 1977ರಲ್ಲಿ. ಅಮೆಜಾನ್ ಪುಸ್ತಕ ಮಾರಲು ಶುರು ಮಾಡಿದ್ದು 1995ರಲ್ಲಿ. ಕಾಯಿಲೆ ಬಂದು ಇಪ್ಪತ್ತು ವರ್ಷವಾದ ಮೇಲೆ ಮನೆಗೆ ಬಂದವನ ಮೇಲೆ ಕಾಯಿಲೆ ತಂದ ಆರೋಪ ಹೊರಿಸುತ್ತಿದ್ದೇವೆ.

ಮೊದಲ ಪೆಟ್ಟು ಬಿದ್ದದ್ದು ಕಾರು, ಬೈಪಾಸ್ ಮತ್ತು ಊರಾಚೆಯ ಅಗ್ಗದ ನೆಲದಿಂದ. ಇಲ್ಲೊಬ್ಬ ಮನುಷ್ಯನ ಕತೆ ಹೇಳಲೇಬೇಕು. ವಿಕ್ಟರ್ ಗ್ರೂಯೆನ್ ವಿಯೆನ್ನಾದಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ನಾಜಿಗಳ ಕೈಯಿಂದ ತಪ್ಪಿಸಿಕೊಂಡು 1938ರಲ್ಲಿ ಅಮೆರಿಕಕ್ಕೆ ಹೋದವನು. ಅಲ್ಲಿ ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ ಅವನು ಕಟ್ಟಿಸಿದ ಸೌತ್‌ಡೇಲ್ ಸೆಂಟರ್ 1956ರಲ್ಲಿ ತೆರೆಯಿತು. ಪೂರ್ತಿ ಮುಚ್ಚಿದ, ಒಳಗೆ ಸದಾ ಒಂದೇ ಹವೆಯಿರುವ ಮಾಲ್‌ಗಳ ಮೂಲಪುರುಷ ಅದೇ. ಗ್ರೂಯೆನ್ ಮನಸ್ಸಿನಲ್ಲಿ ಇದ್ದದ್ದು ಅಂಗಡಿಗಳ ಡಬ್ಬಿಯಲ್ಲ. ಸುತ್ತ ಮನೆಗಳು, ಶಾಲೆ, ಆಸ್ಪತ್ರೆ, ಉದ್ಯಾನ, ನಡುವೆ ಜನ ಕಾಲ್ನಡಿಗೆಯಲ್ಲಿ ಸೇರುವ ಚೌಕ. ಅವನು ಬಿಟ್ಟುಬಂದ ವಿಯೆನ್ನಾದ ಹಾಗೆ. ಹಣ ಹೂಡಿದವರು ಅಂಗಡಿಗಳನ್ನು ಇಟ್ಟುಕೊಂಡರು, ಮಿಕ್ಕಿದ್ದರ ಜಾಗದಲ್ಲಿ ಕಾರು ನಿಲ್ಲಿಸುವ ಬಯಲು ಬಂತು. ಮುದಿ ವಯಸ್ಸಿನಲ್ಲಿ ಅವನು ವಿಯೆನ್ನಾಕ್ಕೆ ಮರಳಿದ. ಅವನು ಅಲ್ಲಿರುವಾಗಲೇ, 1976ರಲ್ಲಿ, ಆ ನಗರದ ದಕ್ಷಿಣದ ಅಂಚಿನಲ್ಲೂ ಒಂದು ದೈತ್ಯ ಮಾಲ್ ತೆರೆಯಿತು. ಈ ಮಾಲ್‌ಗಳಿಗೆ ನಾನು ಅಪ್ಪನಲ್ಲ ಎಂದು ಅವನು ಬಹಿರಂಗವಾಗಿಯೇ ಕೈತೊಳೆದುಕೊಂಡ.

ಆದರೆ ಮಾಲ್‌ನಲ್ಲಿ ನಿಜವಾಗಿ ಹೊಸದಾಗಿದ್ದದ್ದು ಗಾಜಿನ ಮಾಡೂ ಅಲ್ಲ, ತಂಪು ಹವೆಯೂ ಅಲ್ಲ. ಅಲ್ಲಿಗೆ ಒಬ್ಬ ಯಜಮಾನನಿದ್ದ. ಇದನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನ್ನ ಅನಿಸಿಕೆ.

ಮಾಲ್‌ನಲ್ಲಿ ಬಾಡಿಗೆ ಹೇಗೆ ನಿಗದಿಯಾಗುತ್ತದೆ ಎಂದು ನೋಡಿ. ಜನರನ್ನು ಸೆಳೆಯುವ ದೊಡ್ಡ ಮಳಿಗೆಗೆ ಚದರಡಿ ಲೆಕ್ಕದಲ್ಲಿ ಬಾಡಿಗೆ ತೀರಾ ಕಡಿಮೆ, ಕೆಲವೆಡೆ ಹೆಸರಿಗಷ್ಟೇ. ಅದರ ನೆರಳಿನಲ್ಲಿ ವ್ಯಾಪಾರ ಮಾಡುವ ಸಣ್ಣ ಅಂಗಡಿಗಳಿಗೆ ಹೆಚ್ಚು. ದೊಡ್ಡ ಮಳಿಗೆ ನೋಡಲು ಬಂದವನು ದಾರಿಯಲ್ಲಿ ಹತ್ತು ಸಣ್ಣ ಅಂಗಡಿ ಹೊಕ್ಕು ಬರುತ್ತಾನೆ, ಆ ಲಾಭ ಯಜಮಾನನಿಗೆ ಗೊತ್ತು. ಹಾಗಾಗಿ ಒಂದು ಕಡೆ ಬಿಟ್ಟುಕೊಟ್ಟು ಇನ್ನೊಂದು ಕಡೆ ವಸೂಲು ಮಾಡುತ್ತಾನೆ. ಒಂದೇ ಬಗೆಯ ನಾಲ್ಕು ಅಂಗಡಿ ಅಕ್ಕಪಕ್ಕ ಬರದಂತೆ ನೋಡಿಕೊಳ್ಳುತ್ತಾನೆ. ಎಲ್ಲರೂ ಒಂದೇ ಹೊತ್ತಿಗೆ ಬಾಗಿಲು ತೆರೆಯಬೇಕು ಎನ್ನುತ್ತಾನೆ. ಒಂದು ಮಳಿಗೆ ಖಾಲಿಯಾದರೆ ಅದರ ಮುಂದೆ ಚಂದದ ತೆರೆ ಎಳೆದು, ಮೂರು ತಿಂಗಳ ಮಟ್ಟಿಗಾದರೂ ಯಾರನ್ನಾದರೂ ತಂದು ಕೂರಿಸುತ್ತಾನೆ. ಒಂದು ಕತ್ತಲೆ ಕಿಂಡಿ ಪಕ್ಕದ ಎರಡು ಅಂಗಡಿಯ ಗಲ್ಲಾಪೆಟ್ಟಿಗೆಗೂ ಕೈ ಹಾಕುತ್ತದೆ ಎಂದು ಅವನಿಗೆ ಗೊತ್ತು.

ಬೀದಿಯಲ್ಲಿ ಇದನ್ನೆಲ್ಲ ಮಾಡುವವರು ಯಾರು? ಎಂಬತ್ತು ಮಳಿಗೆಗಳಿದ್ದರೆ ಐವತ್ತು ಮಾಲೀಕರು. ಅವರಲ್ಲಿ ಹತ್ತು ಮಂದಿ ಆ ಊರಲ್ಲೇ ಇಲ್ಲ, ನಾಲ್ಕು ಕಟ್ಟಡಗಳ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ, ಎರಡು ಕಟ್ಟಡ ಯಾವುದೋ ಹೂಡಿಕೆ ಕಂಪನಿಯ ಪಟ್ಟಿಯಲ್ಲಿ ಬರೀ ಒಂದು ಸಾಲು. ಎಲ್ಲರೂ ತಮ್ಮ ಮೆಟ್ಟಿಲಷ್ಟೇ ಗುಡಿಸುತ್ತಾರೆ. ಫುಟ್‌ಪಾತ್ ನಿಮ್ಮ ಒಂದು ಇಲಾಖೆಯದು, ದೀಪ ಇನ್ನೊಂದರದು, ಚರಂಡಿ ಮತ್ತೊಂದರದು, ವಾಹನ ಪೊಲೀಸರದು. ಬೀದಿ ಎಲ್ಲರದೂ ಹೌದು, ಯಾರ ಹೆಸರಿನಲ್ಲೂ ಇಲ್ಲ.

ನಿಮ್ಮನ್ನು ನಾನು ಕೇಳುತ್ತಿರುವುದು ಇಷ್ಟೇ: ಆ ಯಜಮಾನಿಕೆಯನ್ನು ವಹಿಸಿಕೊಳ್ಳಿ. ಕಟ್ಟಡಗಳನ್ನು ಕೊಳ್ಳಿ ಎಂದು ಹೇಳುತ್ತಿಲ್ಲ. ಕೆಲವನ್ನು ಕೊಳ್ಳಬೇಕಾಗಿ ಬರಬಹುದು, ಅದನ್ನು ಮುಂದೆ ಹೇಳುತ್ತೇನೆ. ಮೊದಲು, ಇಡೀ ಬೀದಿಯನ್ನು ಒಂದು ವಸ್ತುವಾಗಿ ನೋಡುವ, ಅದರ ಲಾಭನಷ್ಟ ಬರೆದಿಡುವ, ಅದಕ್ಕಾಗಿ ಬಯ್ಯಿಸಿಕೊಳ್ಳುವ ಒಬ್ಬರು ನಿಮ್ಮ ಕಚೇರಿಯಲ್ಲಿ ಇರಲಿ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ನನಗೂ ಬಂದಿತ್ತು. ಅಂಗಡಿ ಖಾಲಿ ಬಿದ್ದರೆ ಮಾಲೀಕನಿಗೇ ತಾನೇ ನಷ್ಟ? ಬಾಡಿಗೆ ಇಳಿಸಿದರೆ ಯಾರಾದರೂ ಬರುತ್ತಾರಲ್ಲ? ಸಂತೆಯಲ್ಲಿ ಸಂಜೆಯಾಗುತ್ತಿದ್ದಂತೆ ಬೆಲೆ ಇಳಿಯುವ ಹಾಗೆ ಮಳಿಗೆಯ ಬಾಡಿಗೆ ಯಾಕೆ ಇಳಿಯುವುದಿಲ್ಲ?

ಯಾಕೆಂದರೆ ದೊಡ್ಡ ಕಟ್ಟಡದ ಬೆಲೆ ಕಟ್ಟುವುದು ಅದರ ಬಾಡಿಗೆಯ ಮೇಲೆ. ವರ್ಷದ ಬಾಡಿಗೆಯನ್ನು ಇಂತಿಷ್ಟರಿಂದ ಗುಣಿಸಿದರೆ ಕಟ್ಟಡದ ಬೆಲೆ. ಆ ಬೆಲೆಯ ಮೇಲೆ ಬ್ಯಾಂಕಿನ ಸಾಲ. ನೂರು ಬರುತ್ತಿದ್ದ ಮಳಿಗೆಯನ್ನು ಅರವತ್ತಕ್ಕೆ ಕೊಟ್ಟರೆ ಆ ಮಳಿಗೆಯ ಬೆಲೆ ಲೆಕ್ಕದ ಪುಸ್ತಕದಲ್ಲಿ ಅವತ್ತೇ ಅರವತ್ತಕ್ಕೆ ಇಳಿಯುತ್ತದೆ. ಪಕ್ಕದ ಬಾಡಿಗೆದಾರ ‘ಅವರಿಗೆ ಅರವತ್ತು, ನನಗೆ ಮಾತ್ರ ನೂರು ಯಾಕೆ’ ಎಂದು ಕರಾರು ನವೀಕರಿಸುವಾಗ ಕೇಳುತ್ತಾನೆ. ಬ್ಯಾಂಕಿನವರು ಇನ್ನಷ್ಟು ಭದ್ರತೆ ಕೊಡಿ ಎನ್ನುತ್ತಾರೆ. ಖಾಲಿ ಬಿಟ್ಟರೆ? ಪುಸ್ತಕದಲ್ಲಿ ಅದು ಇನ್ನೂ ನೂರರ ಮಳಿಗೆ, ‘ಸದ್ಯಕ್ಕೆ ಖಾಲಿ’ ಅಷ್ಟೇ. ಕೈಗೆ ಬಾಡಿಗೆ ಬರುವುದಿಲ್ಲ, ಆದರೆ ಕಾಗದದ ಆಸ್ತಿ ಕರಗುವುದಿಲ್ಲ. ಮಾಲೀಕ ದಡ್ಡನಲ್ಲ, ಅವನ ಲೆಕ್ಕ ಅವನ ಮಟ್ಟಿಗೆ ಸರಿಯಾಗಿಯೇ ಇದೆ. ಆ ಲೆಕ್ಕದಲ್ಲಿ ಪಕ್ಕದ ಅಂಗಡಿ ಕಳೆದುಕೊಂಡ ಗಿರಾಕಿಗೆ ಒಂದು ಕಾಲಮ್ಮೂ ಇಲ್ಲ. ಆ ಕಾಲಮ್ಮನ್ನು ಬರೆಯಬೇಕಾದವರು ನೀವು.

ಬರೆದವರು ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋ ಮತದಾರರು 2020ರ ಮಾರ್ಚ್‌ನಲ್ಲಿ ಖಾಲಿ ಮಳಿಗೆಗಳ ಮೇಲೆ ತೆರಿಗೆಗೆ ಒಪ್ಪಿದರು. ಅದರ ಅಳತೆ ನನಗೆ ಹಿಡಿಸಿತು. ತೆರಿಗೆ ಮಳಿಗೆಯ ವಿಸ್ತೀರ್ಣದ ಮೇಲಲ್ಲ, ಬೀದಿಗೆ ಮುಖ ಮಾಡಿದ ಅಗಲದ ಮೇಲೆ: ಅಡಿಗೆ 250 ಡಾಲರ್, ಖಾಲಿ ಬಿದ್ದ ವರ್ಷಗಳು ಹೆಚ್ಚಿದಂತೆ 500, ಆಮೇಲೆ 1,000. ಬೀದಿ ಕಳೆದುಕೊಳ್ಳುವುದು ಮುಖವನ್ನೇ ಅಲ್ಲವೇ, ದಂಡವೂ ಮುಖದ ಅಳತೆಯಲ್ಲೇ. ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. 2023ರ ಕಾನೂನಿನ ಬಲದಿಂದ, 2024ರ ಡಿಸೆಂಬರ್‌ನಿಂದ, ಎರಡು ವರ್ಷದೊಳಗೆ 365 ದಿನಕ್ಕೂ ಹೆಚ್ಚು ಖಾಲಿ ಬಿದ್ದ ಮಳಿಗೆಯ ಬಾಡಿಗೆ ಹಕ್ಕನ್ನು ಸ್ಥಳೀಯ ಆಡಳಿತವೇ ಹರಾಜು ಹಾಕಬಹುದು. ಒಂದರಿಂದ ಐದು ವರ್ಷದ ಕರಾರು, ಕನಿಷ್ಠ ಬೆಲೆ ಎಂಬುದಿಲ್ಲ. ವುಲ್‌ವರ್ತ್ಸ್ ಎಂಬ ಸರಣಿಯ ಎಂಟುನೂರಕ್ಕೂ ಹೆಚ್ಚು ಅಂಗಡಿಗಳು 2009ರ ಜನವರಿ ಮೊದಲ ವಾರದೊಳಗೆ ಬಾಗಿಲು ಹಾಕಿದ್ದನ್ನು ಕಂಡ ದೇಶಕ್ಕೆ ಈ ಬುದ್ಧಿ ಬರಲು ಹದಿನೈದು ವರ್ಷ ಹಿಡಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಿ. ಆದರೂ ಹಾಕಿದರಲ್ಲ.

ಅಂಗಡಿಯವರೇ ಸೇರಿ ಯಜಮಾನರಾಗುವ ಪ್ರಯತ್ನವೂ ಹಳೆಯದೇ. ಟೊರಾಂಟೊದ ಬ್ಲೂರ್ ಬೀದಿಯ ಪಶ್ಚಿಮ ಭಾಗದಲ್ಲಿ ಟ್ರಾಮ್ ಬದಲು 1968ರಲ್ಲಿ ಸುರಂಗ ರೈಲು ಬಂತು. ಕಿಟಕಿಯಿಂದ ಅಂಗಡಿ ನೋಡುತ್ತ ಹೋಗುತ್ತಿದ್ದವರು ಈಗ ನೆಲದಡಿಯಲ್ಲಿ ಹೋಗತೊಡಗಿದರು. ವ್ಯಾಪಾರ ಕುಸಿಯಿತು. ಅಲ್ಲಿನ ವರ್ತಕರು 1970ರಲ್ಲಿ ಒಂದು ವ್ಯವಸ್ಥೆ ತಂದರು: ಬೀದಿಯ ಸರಹದ್ದಿನೊಳಗಿನ ಪ್ರತಿ ವ್ಯಾಪಾರಿಯೂ ಒಂದು ವಂತಿಗೆ ಕೊಡಲೇಬೇಕು, ಅದನ್ನು ನಗರಾಡಳಿತ ತೆರಿಗೆಯ ಜೊತೆ ವಸೂಲು ಮಾಡಿ ಬೀದಿಗೇ ಮರಳಿಸುತ್ತದೆ. ‘ಕೊಡಲೇಬೇಕು’ ಎಂಬುದರಲ್ಲೇ ಅದರ ಜೀವ ಇತ್ತು. ಇಷ್ಟವಿದ್ದವರು ಕೊಡಿ ಎಂದರೆ ನಾಲ್ಕು ಜನ ಕೊಡುತ್ತಾರೆ, ನಲವತ್ತು ಜನ ಅವರ ದೀಪದ ಬೆಳಕಿನಲ್ಲಿ ವ್ಯಾಪಾರ ಮಾಡುತ್ತಾರೆ. ಈ ಮಾದರಿ ಆಮೇಲೆ ಹಲವು ದೇಶಗಳಿಗೆ ಹರಡಿತು. ನನ್ನದೊಂದು ತಕರಾರು ಇದೆ: ಬಹಳ ಕಡೆ ಆ ಹಣ ಹೂಕುಂಡ, ಬಣ್ಣದ ದೀಪ, ಕಾವಲುಗಾರರಿಗೆ ಮುಗಿದುಹೋಗುತ್ತದೆ. ಯಾವ ಅಂಗಡಿ ಎಲ್ಲಿ ಬರಬೇಕು ಎನ್ನುವ ಅಧಿಕಾರ ಆ ಸಂಘಗಳಿಗೆ ಇರುವುದಿಲ್ಲ. ಯಜಮಾನನ ಬಟ್ಟೆ ತೊಡಿಸಿ ಬೀಗದ ಕೈ ಕೊಡದೆ ಕೂರಿಸಿದ ಹಾಗೆ.

ಬೀಗದ ಕೈಯನ್ನೇ ಕೊಟ್ಟ ಊರೊಂದಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆ ಇರಲಿ.

ಜಪಾನಿನ ಶಿಕೊಕು ದ್ವೀಪದ ತಕಾಮತ್ಸು ನಗರದಲ್ಲಿ ಮರುಗಮೆಮಾಚಿ ಎಂಬ ಪೇಟೆ ಬೀದಿ. ಉದ್ದ ಅರ್ಧ ಕಿಲೋಮೀಟರಿಗಿಂತ ತುಸು ಕಡಿಮೆ. 1988ರಲ್ಲಿ ಅದು ತನ್ನ 400ನೇ ವರ್ಷ ಆಚರಿಸಿತು. ಅದೇ ವರ್ಷ ಆ ದ್ವೀಪವನ್ನು ಜಪಾನಿನ ಮುಖ್ಯ ಭೂಭಾಗಕ್ಕೆ ಜೋಡಿಸುವ ಸೇತುವೆ ತೆರೆಯಿತು. ಸೇತುವೆಯಿಂದ ಜನ ಬರುತ್ತಾರೆ ಎಂದು ಊರೆಲ್ಲ ಹಿಗ್ಗಿತು. ಅದೇ ಸೇತುವೆಯ ಮೇಲೆ ಜನ ಆಚೆಗೂ ಹೋಗಬಹುದಿತ್ತು. ವರ್ಷದ ಸಂಭ್ರಮದ ನಡುವೆಯೇ ಅಲ್ಲಿನ ವರ್ತಕರಲ್ಲಿ ಒಂದು ಅಳುಕು ಹುಟ್ಟಿತು: 500ನೇ ವರ್ಷ ಆಚರಿಸಲು ಈ ಬೀದಿ ಇರುತ್ತದೆಯೇ? ಅಂಗಡಿಗಳಲ್ಲಿ ಒಂದೇ ಬಗೆಯ ಸರಕು ಹೆಚ್ಚಾಗಿತ್ತು, ಬೀದಿಯಲ್ಲಿ ವಾಸ ಮಾಡುವವರು ಕರಗಿಹೋಗಿದ್ದರು, ನೆಲದ ಬೆಲೆ ಮುಗಿಲು ಮುಟ್ಟಿತ್ತು. ಹೊಸದಾಗಿ ಅಂಗಡಿ ಹಾಕುವವನು ವ್ಯಾಪಾರ ಶುರುವಾಗುವ ಮುಂಚೆಯೇ ನೆಲದ ಬೆಲೆಗೇ ಮುಳುಗಬೇಕಾದ ಸ್ಥಿತಿ.

ಅವರು ಮಾಡಿದ ಉಪಾಯ ಇದು: ನೆಲದ ಒಡೆತನವನ್ನೂ ಅದರ ಬಳಕೆಯನ್ನೂ ಬೇರೆ ಮಾಡಿದರು. ನೆಲ ಯಾರದಿತ್ತೋ ಅವರದೇ. ಮಾರಲಿಲ್ಲ, ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಅದನ್ನು ಸುಮಾರು 60 ವರ್ಷದ ಕರಾರಿಗೆ ಮಾಲೀಕರೇ ಸೇರಿ ಕಟ್ಟಿದ ಕಂಪನಿಗೆ ಬಿಟ್ಟುಕೊಟ್ಟರು. ಆ ಕಂಪನಿ ಚೂರುಚೂರು ನಿವೇಶನಗಳ ಗಡಿ ಮರೆತು ಒಟ್ಟಾಗಿ ಕಟ್ಟಿಸಿತು, ಯಾವ ಅಂಗಡಿ ಎಲ್ಲಿ ಬರಬೇಕೆಂದು ಒಟ್ಟಾಗಿ ನಿರ್ಧರಿಸಿತು. ನೆಲದ ಮಾಲೀಕರಿಗೆ ಬಾಡಿಗೆ ನಿಗದಿಯಾದ ಮೊತ್ತವಲ್ಲ. ಬೀದಿಯ ವ್ಯಾಪಾರ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಪಕ್ಕದ ಅಂಗಡಿಯ ನಷ್ಟಕ್ಕೆ ನಾನು ಹೇಳಿದ ಆ ಕಾಲಮ್ಮು ಒಂದೇ ಏಟಿಗೆ ಎಲ್ಲರ ಪುಸ್ತಕದಲ್ಲೂ ಬಂತು. ಮೊದಲ ಭಾಗ ಮುಗಿದದ್ದು 2006ರಲ್ಲಿ, ಯೋಚನೆ ಮೊಳೆತು ಹದಿನೆಂಟು ವರ್ಷದ ಮೇಲೆ. ಅಂಗಡಿಗಳ ಮೇಲೆ ಮನೆಗಳು ಬಂದವು, ಬೀದಿಯಲ್ಲೇ ಒಂದು ಚಿಕಿತ್ಸಾಲಯ ಬಂತು. ಹೊರವಲಯದ ಮನೆ ಬಿಟ್ಟು, ಮೆಟ್ಟಿಲಿಳಿದರೆ ಎಲ್ಲ ಸಿಗುವ ಕಡೆ ಇರೋಣ ಎಂದು ವಯಸ್ಸಾದವರು ಅಲ್ಲಿ ಮನೆ ಹಿಡಿದರು.

ಇದನ್ನು ಹೇಳಿದರೆ ನಿಮ್ಮಲ್ಲೊಬ್ಬರು ‘ಅದು ಜಪಾನು ಸ್ವಾಮಿ’ ಎನ್ನುತ್ತೀರಿ. ಅದೇ ಜಪಾನಿನಲ್ಲಿ ಶಟರ್ ಎಳೆದ ಬೀದಿಗಳಿಗೆಂದೇ ಒಂದು ಪದ ಚಾಲ್ತಿಗೆ ಬರುವಷ್ಟು ಬೀದಿಗಳು ಸತ್ತಿವೆ. ಜಪಾನು ಎಂಬ ಕಾರಣಕ್ಕೆ ಮರುಗಮೆಮಾಚಿ ಉಳಿಯಲಿಲ್ಲ. ಉತ್ತರ ಜಪಾನಿನ ಅಓಮೊರಿ ನಗರ ನಿಲ್ದಾಣದ ಎದುರಿಗೆ 2001ರಲ್ಲಿ ‘ಔಗಾ’ ಎಂಬ ಬಹುಮಹಡಿ ವಾಣಿಜ್ಯ ಕಟ್ಟಡ ಕಟ್ಟಿಸಿ ಊರನ್ನು ನಡುವಿಗೆ ಎಳೆಯುತ್ತೇನೆಂದು ಹೊರಟಿತ್ತು. ಅಲ್ಲಿನ ಅಂಗಡಿಗಳು ಸೋತು 2017ರಲ್ಲಿ ಮುಚ್ಚಿದವು. ಕೊನೆಗೆ 2018ರಲ್ಲಿ ನಗರಾಡಳಿತ ತನ್ನ ಕಚೇರಿಯ ಕೌಂಟರ್‌ಗಳನ್ನೇ ಆ ಕಟ್ಟಡಕ್ಕೆ ತಂದು ಕೂರಿಸಿತು. ಸೋಲಿನ ಕತೆಯಾಗಿ ಇದನ್ನು ಹೇಳುತ್ತಾರೆ. ನನಗೆ ಮಾತ್ರ ಕೊನೆಯ ಸಾಲೇ ಮೊದಲ ಸಾಲಾಗಬೇಕಿತ್ತು ಎನಿಸುತ್ತದೆ.

ಯಾಕೆಂದರೆ ಈಗ ನಿಮ್ಮ ವಿಷಯಕ್ಕೆ ಬರಬೇಕು. ಪೇಟೆ ಬೀದಿಯಿಂದ ಮೊದಲು ಜಾಗ ಖಾಲಿ ಮಾಡಿದ ದೊಡ್ಡ ಗಿರಾಕಿ ಯಾರು ಗೊತ್ತೇ? ಬಹಳ ಊರುಗಳಲ್ಲಿ ಅದು ಸರ್ಕಾರವೇ. ತೆರಿಗೆ ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಕಾಲೇಜು ಒಂದೊಂದಾಗಿ ಊರಾಚೆಯ ‘ಸಂಕೀರ್ಣ’ಗಳಿಗೆ ಹೋದವು. ಹೊರಗೆ ನೆಲ ಅಗ್ಗ, ಹೊಸ ಕಟ್ಟಡ, ಕಾರು ನಿಲ್ಲಿಸಲು ಜಾಗ. ಕಡತದಲ್ಲಿ ಅದು ಉಳಿತಾಯ ಎಂದೇ ದಾಖಲಾಯಿತು. ಒಂದು ಅರ್ಜಿ ಕೊಡಲು ಬಂದವಳು ದಾರಿಯಲ್ಲಿ ಚಪ್ಪಲಿ ಹೊಲಿಸಿ, ಗಡಿಯಾರಕ್ಕೆ ಸೆಲ್ ಹಾಕಿಸಿ, ಮಗುವಿಗೊಂದು ನೋಟ್‌ಬುಕ್ ಕೊಂಡು ಹೋಗುತ್ತಿದ್ದಳಲ್ಲ, ಆ ಮೂರು ಅಂಗಡಿಗಳ ನಷ್ಟ ಯಾವ ಕಡತಕ್ಕೂ ಹತ್ತಲಿಲ್ಲ. ಊರಾಚೆಗೆ ಹೋಗಲು ಅವಳು ಕೊಟ್ಟ ಬಸ್ಸಿನ ದುಡ್ಡೂ ಹತ್ತಲಿಲ್ಲ. ಸರ್ಕಾರಿ ಕಚೇರಿಯ ಕೌಂಟರ್ ಎಂದರೆ ಮಾಲ್‌ನ ಆ ದೊಡ್ಡ ಮಳಿಗೆಯ ಹಾಗೆ. ಜಾಹೀರಾತಿಲ್ಲದೆ ದಿನಾ ಜನರನ್ನು ಕರೆತರುತ್ತದೆ. ಅದನ್ನು ಕಿತ್ತು ಹೊರಗೆ ಇಟ್ಟು, ಆಮೇಲೆ ‘ಬೀದಿಗೆ ಜನ ಬರುತ್ತಿಲ್ಲ, ಪುನಶ್ಚೇತನ ಯೋಜನೆ ಬೇಕು’ ಎಂದು ಸಲಹೆಗಾರರನ್ನು ನೇಮಿಸುವುದು ಯಾವ ಜಾಣತನ?

ಈ ಪುನಶ್ಚೇತನ ಎಂದರೆ ಸಾಮಾನ್ಯವಾಗಿ ಹೊಸ ಕಲ್ಲುಹಾಸು. ಕಲ್ಲು ಹಾಸಬೇಡಿ ಎನ್ನುವುದಿಲ್ಲ, ನಡೆಯಲು ಜಾಗ ಬೇಕೇ ಬೇಕು. ಅದರಿಂದಷ್ಟೇ ಆಗುವುದಿಲ್ಲ ಎನ್ನಲು ಮಾತ್ರ ಸಾಕ್ಷಿ ಬೇಕಾದಷ್ಟಿದೆ. ಅಮೆರಿಕದ ಕ್ಯಾಲಮಜೂ ಊರು 1959ರಲ್ಲಿ ಮುಖ್ಯ ಬೀದಿಗೆ ವಾಹನ ಬರುವುದನ್ನು ನಿಲ್ಲಿಸಿ ಕಾಲ್ನಡಿಗೆಯ ಬೀದಿ ಮಾಡಿತು. ಸಲಹೆ ಅದೇ ಗ್ರೂಯೆನ್ನನದು. ಅದನ್ನು ನೋಡಿ ಆ ದೇಶದ ಎಷ್ಟೋ ಊರುಗಳು ಹಾಗೇ ಮಾಡಿದವು, ಬಹುಪಾಲು ಬೀದಿಗಳಿಗೆ ಕಾರುಗಳು ಮರಳಿ ಬಂದವು. 1998ರಲ್ಲಿ ಕ್ಯಾಲಮಜೂದ ಒಂದು ಭಾಗಕ್ಕೂ. ಬೀದಿಯ ಮೇಲೆ ಯಾರೂ ವಾಸವಿಲ್ಲ, ಬಸ್ಸು ಬರುವುದಿಲ್ಲ, ಸುತ್ತ ಬರೀ ಪಾರ್ಕಿಂಗ್ ಬಯಲು. ಹಾಗಿರುವಲ್ಲಿ ನಡೆಯಲು ಜನ ಎಲ್ಲಿಂದ ಬರಬೇಕು? ಕೋಪನ್‌ಹೇಗನ್‌ನ ಸ್ಟ್ರೋಯೆಟ್ ಬೀದಿಗೆ 1962ರಲ್ಲಿ ಇದನ್ನೇ ಮಾಡಿದಾಗ, ನಾವೇನು ಇಟಲಿಯವರೇ, ಈ ಚಳಿಯಲ್ಲಿ ಬೀದಿ ಸುತ್ತುವವರು ಯಾರು ಎಂದು ವರ್ತಕರೇ ಗದ್ದಲ ಎಬ್ಬಿಸಿದ್ದರು. ಅರವತ್ತು ವರ್ಷ ದಾಟಿದೆ, ಬೀದಿ ಇನ್ನೂ ತುಂಬಿದೆ. ಅಲ್ಲಿ ಊರು ನಡುವಿನಿಂದ ಹೊರಗೆ ಓಡಿಹೋಗಿರಲಿಲ್ಲ.

ಪಾರ್ಕಿಂಗ್ ಜಗಳದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬರ್ಲಿನ್ನಿನ ಕೊಟ್‌ಬುಸರ್ ಡಾಮ್ ಮತ್ತು ಹೆರ್ಮಾನ್ ಸ್ಟ್ರಾಸೆ ಎಂಬ ಎರಡು ಬೀದಿಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿಮ್ಮ ಗಿರಾಕಿಗಳಲ್ಲಿ ಕಾರಿನಲ್ಲಿ ಬರುವವರು ಎಷ್ಟು ಎಂದು ಅಂಗಡಿಯವರನ್ನು ಕೇಳಿದರು. ಶೇಕಡ 22ರ ಸುಮಾರು ಎಂದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇಕಡ 7ಕ್ಕಿಂತ ಕಡಿಮೆ. ಅದರಲ್ಲೂ ಸ್ವತಃ ಕಾರಿನಲ್ಲಿ ಅಂಗಡಿಗೆ ಬರುವ ವರ್ತಕರ ಅಂದಾಜು ಇನ್ನೂ ಹೆಚ್ಚು. ನಿಮ್ಮ ಸಭೆಯಲ್ಲಿ ಪಾರ್ಕಿಂಗ್ ಪರವಾಗಿ ಮೇಜು ಗುದ್ದುವವರನ್ನು ಒಮ್ಮೆ ಮೆಲ್ಲಗೆ ಕೇಳಿ ನೋಡಿ: ನೀವು ಬಂದದ್ದು ಹೇಗೆ ಅಂತ.

ಅಂಗಡಿಯ ಮೇಲಿನ ಮಹಡಿಯ ವಿಷಯ ಯಾರೂ ಎತ್ತುವುದಿಲ್ಲ. ಹಳೆಯ ಪೇಟೆ ಬೀದಿಯಲ್ಲಿ ತಲೆ ಎತ್ತಿ ನಡೆಯಿರಿ. ಕೆಳಗೆ ಹೊಳೆಯುವ ಗಾಜು, ಮೇಲೆ ಧೂಳು ಹಿಡಿದ ಕಿಟಕಿ, ಒಳಗೆ ರಟ್ಟಿನ ಪೆಟ್ಟಿಗೆಗಳು. ಒಂದು ಕಾಲಕ್ಕೆ ಅಲ್ಲಿ ಸಂಸಾರಗಳಿದ್ದವು. ಅವು ಹೋಗಲು ಎಷ್ಟೋ ಕಡೆ ಕಾರಣ ಬಹಳ ಸಣ್ಣದು: ಅಂಗಡಿಯ ಮುಖ ಎರಡು ಮೊಳ ಅಗಲವಾಗಲಿ ಎಂದು, ಬೀದಿಯಿಂದ ಮೇಲಕ್ಕೆ ಹೋಗುವ ಬಾಗಿಲನ್ನೂ ಮೆಟ್ಟಿಲನ್ನೂ ಕಿತ್ತು ಹಾಕಿದರು. ಈಗ ಮೇಲಿನ ಮಹಡಿಗೆ ದಾರಿ ಅಂಗಡಿಯ ಒಳಗಿಂದಲೇ, ಅಂದರೆ ಅಲ್ಲಿ ಯಾರೂ ಬದುಕಲಾಗದು. ಫ್ರಾನ್ಸ್ 2018ರಲ್ಲಿ 222 ಮಧ್ಯಮ ಊರುಗಳನ್ನು ಆರಿಸಿ ಐದು ವರ್ಷಕ್ಕೆ 500 ಕೋಟಿ ಯೂರೊಗಳ ಯೋಜನೆ ಹಾಕಿಕೊಂಡಾಗ, ಊರ ನಡುವಿನ ಹಳೆಯ ಮನೆಗಳ ದುರಸ್ತಿಯನ್ನು ಅಂಗಡಿಗಳ ಜೊತೆಗೇ ಇಟ್ಟಿತು. ರಾತ್ರಿ ಎಂಟರ ಮೇಲೆ ಬೀದಿಯಲ್ಲಿ ಉಳಿಯುವವರು ಅಲ್ಲೇ ಮಲಗುವವರು ಮಾತ್ರ. ಕಿತ್ತ ಮೆಟ್ಟಿಲನ್ನು ಮತ್ತೆ ಕಟ್ಟುವವರಿಗೆ ನಾಲ್ಕಾರು ವರ್ಷ ತೆರಿಗೆ ಬಿಟ್ಟರೆ ಪ್ರಪಂಚ ಮುಳುಗುವುದಿಲ್ಲ.

ಇಷ್ಟಾದರೂ ಎಲ್ಲ ಅಂಗಡಿಗಳೂ ಮರಳಿ ಬರುತ್ತವೆ ಎಂದು ನಾನು ನಂಬಿಲ್ಲ, ನಿಮಗೂ ಅಂಥ ಮಾತು ಕೊಡುವುದಿಲ್ಲ. ಎಲ್ಲಿ ಕೊಂಡರೂ ಒಂದೇ ಆಗಿರುವ ಸರಕು ಬೀದಿಗೆ ಮತ್ತೆ ಬರುವುದು ಕಷ್ಟ. ಮೈಯನ್ನೋ ವಸ್ತುವನ್ನೋ ಕೈಗೆ ಒಪ್ಪಿಸಬೇಕಾದ ಕೆಲಸಗಳು ಉಳಿಯುತ್ತವೆ: ಕೂದಲು ಕತ್ತರಿಸುವುದು, ಹಲ್ಲು ನೋಡುವುದು, ಅಳತೆ ತೆಗೆದು ಹೊಲಿಯುವುದು, ರಿಪೇರಿ, ಕಲಿಕೆ. ಕೆಲವು ಬೀದಿಗಳು ಚಿಕ್ಕವಾಗಲೇಬೇಕು. ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಆಡಳಿತ ನಡುಪೇಟೆಯ ಒಂದು ಇಡೀ ಶಾಪಿಂಗ್ ಸೆಂಟರನ್ನು 2019ರಲ್ಲಿ ಕೊಂಡು, ಕೆಡವಿ, ಆ ಜಾಗದಲ್ಲಿ ಬೀದಿಯಿಂದ ನದಿಯವರೆಗೆ ಉದ್ಯಾನ ಮಾಡಲು ಹೊರಟಿತು. ಇರುವ ಗಿರಾಕಿಗಳಿಗೆ ಅಂಗಡಿಗಳೇ ಹೆಚ್ಚಾಗಿವೆ ಎಂದು ಒಪ್ಪಿಕೊಂಡು, ಉಳಿದವನ್ನು ಒತ್ತಾಗಿ ಕೂರಿಸುವುದೂ ಯಜಮಾನಿಕೆಯೇ. ಅರವತ್ತು ಅಂಗಡಿ ಒಂದಕ್ಕೊಂದು ಅಂಟಿಕೊಂಡು ತೆರೆದಿದ್ದರೆ ಅದು ಪೇಟೆ. ಅದೇ ಅರವತ್ತು, ನೂರು ಶಟರುಗಳ ನಡುವೆ ಚದುರಿದರೆ ಬಾಯಿಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು.

ಗೆದ್ದ ಬೀದಿಗೂ ಒಂದು ರೋಗವಿದೆ, ಅದನ್ನು ಮುಚ್ಚಿಟ್ಟರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಬೀದಿ ಚೆನ್ನಾದ ಕೂಡಲೇ ಬಾಡಿಗೆ ಏರುತ್ತದೆ. ಕಷ್ಟಕಾಲದಲ್ಲಿ ಬಾಗಿಲು ತೆರೆದಿಟ್ಟ ಚಪ್ಪಲಿ ಹೊಲಿಯುವವನು ಮೊದಲು ಹೊರಗೆ ಬೀಳುತ್ತಾನೆ. ಅವನ ಜಾಗಕ್ಕೆ ಎಲ್ಲ ಊರಲ್ಲೂ ಇರುವ ಅದೇ ಸರಣಿ ಮಳಿಗೆ ಬರುತ್ತದೆ. ಕೆಲವನ್ನು ಕೊಳ್ಳಬೇಕಾದೀತು ಎಂದೆನಲ್ಲ, ಅದು ಇದಕ್ಕೇ. ಪ್ಯಾರಿಸ್ ನಗರ 2004ರಿಂದ ತನ್ನದೇ ಒಂದು ಸಂಸ್ಥೆಯ ಮೂಲಕ ಆಯ್ದ ಬಡಾವಣೆಗಳಲ್ಲಿ ನೆಲಮಹಡಿಯ ಮಳಿಗೆಗಳು ಮಾರಾಟಕ್ಕೆ ಬಂದಾಗ ಮೊದಲು ಕೊಳ್ಳುವ ಹಕ್ಕು ಚಲಾಯಿಸಿ, ಅವನ್ನು ಬೇಕಾದ ಕಸುಬಿನವರಿಗೆ ಬಾಡಿಗೆಗೆ ಕೊಡುತ್ತ ಬಂತು. ಇಡೀ ಬೀದಿ ಕೊಳ್ಳಲಿಲ್ಲ. ಹತ್ತಿಪ್ಪತ್ತು ಮಳಿಗೆ ಕೈಯಲ್ಲಿದ್ದರೂ ಒಂದು ಬೀದಿಯ ಚಹರೆ ಹಿಡಿದಿಡಬಹುದು.

ಹಾಗಾದರೆ ನಾಳೆ ಬೆಳಗ್ಗೆ ಏನು ಮಾಡಬೇಕು ಎಂದು ಕೇಳಬಹುದು. 1977ರ ಆ ಮೂರು ಊರುಗಳ ಪ್ರಯೋಗದಲ್ಲಿ ಪ್ರತಿ ಊರಿಗೂ ಒಬ್ಬರನ್ನು ನೇಮಿಸಿದ್ದರು. ಪೂರ್ತಿ ದಿನ, ಸಂಬಳಕ್ಕೆ, ಬೀದಿಯೊಂದೇ ಅವರ ಕೆಲಸ. ನಿಮ್ಮಲ್ಲೂ ಅಂಥ ಒಬ್ಬರು ಬೇಕು. ಅವರ ಕೋಣೆ ನಿಮ್ಮ ಮೂರನೇ ಮಹಡಿಯಲ್ಲಿ ಬೇಡ. ನಾನು ಹತ್ತು ನಿಮಿಷ ನಿಂತಿದ್ದೆನಲ್ಲ, ಅಂಥದೇ ಒಂದು ಖಾಲಿ ಮಳಿಗೆಯನ್ನು ಬಾಡಿಗೆಗೆ ಹಿಡಿದು ಅಲ್ಲೇ ಒಂದು ಮೇಜು ಹಾಕಿಕೊಡಿ. ಮೊದಲ ತಿಂಗಳು ಅವರು ಒಂದೇ ಕೆಲಸ ಮಾಡಲಿ: ಬೀದಿಯ ಪ್ರತಿ ಶಟರಿನ ಹಿಂದೆ ಯಾರಿದ್ದಾರೆ, ಎಂದಿನಿಂದ ಖಾಲಿ, ಕೇಳುತ್ತಿರುವ ಬಾಡಿಗೆ ಎಷ್ಟು, ಮೇಲಿನ ಮಹಡಿಗೆ ಮೆಟ್ಟಿಲಿದೆಯೇ ಎಂಬ ಪಟ್ಟಿ. ಎರಡನೇ ತಿಂಗಳು ಆ ಪಟ್ಟಿಯನ್ನು ಅದೇ ಮಳಿಗೆಯ ಗಾಜಿನ ಮೇಲೆ ಅಂಟಿಸಲಿ, ಬೀದಿಯಲ್ಲಿ ಹೋಗುವವರೆಲ್ಲ ಓದುವ ಹಾಗೆ. ಆ ಪಟ್ಟಿ ಕೈಗೆ ಬರುವವರೆಗೆ ಇನ್ನೊಂದೇ ಒಂದು ಕಚೇರಿಯನ್ನೂ ಊರಾಚೆಗೆ ಸಾಗಿಸುವ ಕಡತಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಪಟ್ಟಿ ಅಂಟಿಸಿದ ದಿನ ತಿಳಿಸಿ. ಓದಲು ನಾನು ಬರುತ್ತೇನೆ, ನಡೆದುಕೊಂಡೇ.

ಇತಿ,
ಬೀದಿಯಲ್ಲಿ ನಡೆಯುವವರಲ್ಲೊಬ್ಬ